ಟ್ರಂಕಿನ 64 ಡಿವಿಡಿ, ಕೈಯಲ್ಲಿದ್ದದ್ದು ಐದು ದಿನ



ಹದಿನೈದು ದಿನದಿಂದ ಫೇಸ್‌ಬುಕ್ ಕಡೆ ಬಂದಿಲ್ಲ, ಫೋನೂ ಎತ್ತಿಲ್ಲ ಅಂತ ಸುಮಾರು ಜನ ಬೈದಿದ್ದೀರಿ. ಕಾರಣ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಮನೆಯಲ್ಲಿ ಹಳೇ ಡಿವಿಡಿ ಇಟ್ಟುಕೊಂಡಿರೋರು ಮಾತ್ರ ಕೊನೆವರೆಗೂ ಓದಲೇಬೇಕು.

ನಮ್ಮ ಕೇರಿಯವರು ಹೆಣ ಹೂಳುವ ಜಾಗಕ್ಕೆ ಪಕ್ಕದ ಜಮೀನಿನವರು ಕಲ್ಲುಕಂಬ ನೆಟ್ಟು ತಂತಿ ಎಳೆದರು. ಒಳಗೆ ಸಾಲಾಗಿ ತೆಂಗಿನ ಸಸಿ. ಕೇಳಿದ್ದಕ್ಕೆ "ಇಲ್ಲಿ ಯಾವತ್ತು ಹೂತಿದ್ರಿ ನೀವು? ದಾಖಲೆ ಇದ್ರೆ ತೋರ್ಸಿ" ಅಂದರು. ಪಹಣಿಯಲ್ಲಿ ಅದು ಸರ್ಕಾರಿ ಖರಾಬು. ಸ್ಮಶಾನ ಅಂತ ಯಾರೂ ಬರೆಸಿಲ್ಲ. ನಮ್ಮಜ್ಜ, ಮುತ್ತಜ್ಜ ಎಲ್ಲಾ ಅಲ್ಲೇ ಮಣ್ಣಾದವರು. ಆದರೆ ಗೋರಿ ಕಟ್ಟಿಸುವ ಶಕ್ತಿ ಯಾರಿಗಿತ್ತು? ತಲೆ ಕಡೆ ಒಂದೊಂದು ಗುಂಡುಕಲ್ಲು ಇಟ್ಟಿದ್ವಿ. ಆ ಕಲ್ಲುಗಳನ್ನೂ ಎತ್ತಿ ಬದುವಿನ ಮೇಲೆ ಎಸೆದಿದ್ದರು. ಅರ್ಜಿ ಕೊಟ್ವಿ. ಗುರುವಾರ ಸ್ಥಳ ಪರಿಶೀಲನೆ ಅಂತ ಶನಿವಾರ ತಿಳಿಸಿದರು.

ಆಗ ನೆನಪಾಗಿದ್ದು ನಮ್ಮ ಕ್ಯಾಮೆರಾ ಅಣ್ಣ. ಮದುವೆ ವಿಡಿಯೋ ಮಾಡ್ತಿದ್ದ. ಮೇಲ್ಜಾತಿಯವರ ಮದುವೆಗೂ ಕರೀತಿದ್ದರು. ಅವನ ಕ್ಯಾಮೆರಾಗೆ ಮೈಲಿಗೆ ಇರಲಿಲ್ಲ, ಊಟಕ್ಕೆ ಮಾತ್ರ ಕೊನೇ ಪಂಕ್ತಿ. ಸಂಘದ ಕಾರ್ಯಕ್ರಮ, ಏಪ್ರಿಲ್ 14ರ ಮೆರವಣಿಗೆ, ಧರಣಿ, ಕೇರಿಯ ಮದುವೆ, ಸಾವು ಎಲ್ಲವನ್ನೂ ಬಿಟ್ಟಿ ಶೂಟ್ ಮಾಡಿ ಡಿವಿಡಿಗೆ ಹಾಕಿ ಇಡ್ತಿದ್ದ. ಕೊರೋನಾ ಎರಡನೇ ಅಲೆಯಲ್ಲಿ ಹೋಗಿಬಿಟ್ಟ. 2006ರಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಅವನು ಮಸಣದವರೆಗೂ ಕ್ಯಾಮೆರಾ ಹೊತ್ತು ಬಂದಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅತ್ತಿಗೆ ಹತ್ರ ಹೋದೆ. ಅಟ್ಟದಿಂದ ಟ್ರಂಕು ಇಳಿಸಿಕೊಟ್ಟರು. 64 ಡಿವಿಡಿ. ಹೆಸರಿಲ್ಲ, ದಿನಾಂಕ ಇಲ್ಲ. ಹೆಚ್ಚಿನವುಗಳ ಮೇಲೆ ಮಾರ್ಕರಿನಲ್ಲಿ "ಮಿಕ್ಸ್ 1", "ಮಿಕ್ಸ್ 2" ಅಂತ ಅಷ್ಟೇ.

ಒಂದೊಂದೇ ಹಾಕಿ ನೋಡಿಬಿಡೋಣ ಅಂತ ಕೂತೆ. ಎರಡನೇದೇ ನಿಂತುಬಿಡ್ತು. ಮುಂದಕ್ಕೆ ಓಡಿಸಿದರೆ ಡ್ರೈವ್ ಗರ್ ಗರ್ ಅನ್ನುತ್ತೆ, ಪರದೆ ಕಪ್ಪು. ನಮ್ಮ ವಕೀಲರಿಗೆ ಫೋನ್ ಮಾಡಿದೆ. "ಪದೇ ಪದೇ ಹಾಕಿ ತಿರುಗಿಸಬೇಡಿ ಸಾರ್, ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಆಮೇಲೆ ಅದರಲ್ಲಿ ಹುಡುಕಿ" ಅಂದರು. ಸರಿ, ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಎಂಪಿ4 ಮಾಡೋಕೆ ಕೊಟ್ಟೆ. ಗುಣಮಟ್ಟ ಚೆನ್ನಾಗಿರಲಿ ಅಂತ ವೇಗದ ಜಾಗದಲ್ಲಿ "ಸ್ಲೋ" ಅಂತ ಬೇರೆ ಒತ್ತಿದ್ದೆ. ಸಂಘದ ಹಳೇ ಲ್ಯಾಪ್‌ಟಾಪು ಒಂದು ಡಿವಿಡಿಗೆ ಮೂರು ಗಂಟೆ ತಗೊಂಡಿತು. 64 ಡಿವಿಡಿಗೆ 192 ಗಂಟೆ. ಹಗಲು ರಾತ್ರಿ ಓಡಿಸಿದರೂ ಎಂಟು ದಿನ. ಗುರುವಾರಕ್ಕೆ ಎಲ್ಲಿಂದ ಬರಬೇಕು?

ಭಾನುವಾರ ಸಂಜೆ ಅಕ್ಕನ ಮಗಳು ಬಂದಳು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಓದ್ತಿದ್ದಾಳೆ. ಪರದೆ ನೋಡಿ ನಕ್ಕಳು.

"ಮಾಮ, ಒಂದ್ ಚೀಲದ ರಾಗಿ ಇನ್ನೊಂದ್ ಚೀಲಕ್ಕೆ ಸುರಿಯೋಕೆ ಮಿಲ್ಲಿಗೆ ಯಾಕೆ ಹೊತ್ಕೊಂಡ್ ಹೋಗ್ತಿದ್ದೀರ?"

ಅವಳು ಬಿಡಿಸಿ ಹೇಳಿದ್ದು ಇಷ್ಟು. ಡಿವಿಡಿಯಲ್ಲಿ ಇರೋದು ಎಂಪೆಗ್-2 ಅನ್ನೋ ರೂಪದ ವಿಡಿಯೋ. ನಮ್ಮ ಕಡೆಯ ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರ. ಎರಡು ಗಂಟೆಗೆ 1,80,000 ಚಿತ್ರ. ನಾನು ಎಂಪಿ4 ಮಾಡು ಅಂದಾಗ ಆ ಬಡಪಾಯಿ ಲ್ಯಾಪ್‌ಟಾಪು ಅಷ್ಟನ್ನೂ ಒಂದೊಂದಾಗಿ ಬಿಚ್ಚಿ ಮತ್ತೆ ಹೊಸದಾಗಿ ಹೆಣೀತಿತ್ತು. ಡಿವಿಡಿ ಡ್ರೈವಿನಿಂದ ತಡ ಆಗ್ತಿರಲಿಲ್ಲ, ಈ ಹೆಣಿಗೆಯಿಂದ ಆಗ್ತಿತ್ತು. ಅಷ್ಟು ಮಾಡಿದರೂ ಗುಣಮಟ್ಟ ಮೂಲಕ್ಕಿಂತ ಒಂದು ಕೂದಲೆಳೆ ಕಮ್ಮಿಯೇ. ಹಾಗಾಗಿ ಬಿಚ್ಚಲೇಬೇಡಿ, ಇದ್ದದ್ದನ್ನ ಇದ್ದ ಹಾಗೇ ನಕಲು ಮಾಡಿ ಅಂದಳು. ಸಿನಿಮಾ ಡಿವಿಡಿಗಳಿಗೆ ಬೀಗ ಇರುತ್ತೆ. ಇವು ನಾವೇ ಬರೆದವು, ಬೀಗ ಇಲ್ಲ. 'ವಿಡಿಯೋ ಟಿಎಸ್' ಅನ್ನೋ ಫೋಲ್ಡರ್ ಕಾಪಿ ಮಾಡಿದರೆ ಮುಗೀತು. ಒಳಗಿರೋ ವಿಒಬಿ ಫೈಲುಗಳು ಒಂದೊಂದು ಜಿಬಿಗೆ ತುಂಡಾಗಿರುತ್ತವೆ. ಅವನ್ನ ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರಿಗೆ ಕೊಟ್ಟರೆ ಒಂದೇ ಫೈಲ್ ಮಾಡಿಕೊಡುತ್ತೆ, ಒಂದು ಚಿತ್ರವನ್ನೂ ಮುಟ್ಟಲ್ಲ. 4.7 ಜಿಬಿಯ ತುಂಬಿದ ಡಿವಿಡಿಗೆ ಹನ್ನೆರಡು ನಿಮಿಷದ ಒಳಗೇ ಆಯ್ತು!

ಮೂರು ಗಂಟೆಯ ಕೆಲಸಕ್ಕೆ ಹನ್ನೆರಡು ನಿಮಿಷ. ಗೆಳೆಯರ ಅಂಗಡಿಯಿಂದ ಯುಎಸ್‌ಬಿ ಡ್ರೈವ್ ಒಂದನ್ನ ಸಾಲ ತಂದ್ವಿ. ಎರಡು ಕಡೆ ಕಾಪಿ ಆಗ್ತಿರುವಾಗ ಆಗಲೇ ಇಳಿದಿದ್ದನ್ನ ವಿಎಲ್‌ಸಿಯಲ್ಲಿ ಓಡಿಸಿ ನೋಡೋ ಕೆಲಸ ನನ್ನದು ಮತ್ತು ಅಕ್ಕನದು. ಎಷ್ಟೋ ಮುಖ. ಈಗ ಇಲ್ಲದವರು, ಈಗ ಮಾತು ಬಿಟ್ಟವರು, ಬೇರೆ ಪಕ್ಷದ ಶಾಲು ಹೊದ್ದವರು. ನಿಂತು ನೋಡೋಕೆ ಟೈಮಿಲ್ಲ.

ಸೋಮವಾರ ರಾತ್ರಿ 41ನೇದು ಮುಕ್ಕಾಲು ಇಳಿದು ನಿಂತಿತು. ಇಳಿದಷ್ಟರಲ್ಲಿ ಯಾರದೋ ಮದುವೆ, ಆಮೇಲೆ ನಮ್ಮ ಬೀದಿ, ತಮಟೆ. ದೊಡ್ಡಪ್ಪನ ಸಾವು. ಚಟ್ಟ ಊರಾಚೆ ಹುಣಸೆಮರದ ಹತ್ರ ತಿರುಗುವ ಹೊತ್ತಿಗೆ ಫೈಲ್ ಮುಗಿದಿತ್ತು. ಡಿವಿಡಿ ಒಳಗಿನಿಂದ ಅಂಚಿನ ಕಡೆಗೆ ತುಂಬುತ್ತಾ ಹೋಗುತ್ತೆ. ನಮಗೆ ಬೇಕಾದದ್ದು ಇದ್ದದ್ದು ಅಂಚಿನಲ್ಲಿ, ಗೀರು ಇದ್ದದ್ದೂ ಅಲ್ಲೇ.

ಇಲ್ಲಿ ಅವಸರ ನಡೆಯಲಿಲ್ಲ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಳು (ಸುತ್ತ ತಿರುಗಿಸಿ ಒರೆಸಬಾರದಂತೆ, ನಾನು ಇಷ್ಟು ವರ್ಷ ಹಾಗೇ ಮಾಡಿದ್ದೆ). ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಮಿಗೆ ಕೊಟ್ಟಳು. ಅದು ಮೊದಲು ಚೆನ್ನಾಗಿರೋ ಭಾಗವನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತೆ. ಎಲ್ಲಿ ಬಿಟ್ಟೆ ಅನ್ನೋದನ್ನ ಬರೆದಿಟ್ಟುಕೊಳ್ಳೋದರಿಂದ ನಡುವೆ ನಿಲ್ಲಿಸಿ ಇನ್ನೊಂದು ಡ್ರೈವಿಗೆ ಹಾಕಿದರೂ ಅಲ್ಲಿಂದಲೇ ಮುಂದುವರಿಯುತ್ತೆ. ಆ ಒಂದು ಡಿವಿಡಿಗೆ ಹತ್ತೊಂಬತ್ತು ಗಂಟೆ ಹಿಡೀತು. ನಾನು ಮಲಗಲಿಲ್ಲ.

ಮಂಗಳವಾರ ಸಂಜೆ ನೋಡಿದ್ವಿ. ಹುಣಸೆಮರ ಇದೆ, ಹಿಂದೆ ಅದೇ ಬಂಡೆ, ಗುಣಿ, ಸುತ್ತ ಹಳೇ ಗುಂಡುಕಲ್ಲುಗಳು. ಬದುವಿನ ಮೇಲೆ ಹೆಗಲಿಗೆ ಟವಲ್ ಹಾಕಿಕೊಂಡು ಒಬ್ಬರು ನೋಡ್ತಾ ನಿಂತಿದ್ದಾರೆ. ಈಗ ತಂತಿ ಎಳೆದವರ ಅಪ್ಪ! ಅಕ್ಕ "ಅಯ್ಯೋ ಅವ್ವ" ಅಂದಳು. ಮಣ್ಣು ಹಾಕೋಕೆ ಅವ್ವ ಬಗ್ಗಿದ್ದಾಳೆ. ಅವ್ವ ಹೋಗಿ ಹನ್ನೆರಡು ವರ್ಷ ಆಯ್ತು, ಅವಳನ್ನ ಹೂತಿದ್ದೂ ಅಲ್ಲೇ. ಸರಿಯಾಗಿ ಆ ಜಾಗದಲ್ಲಿ ಡಿವಿಡಿ ಕೆಟ್ಟಿದೆ. ಅವ್ವನ ಮುಖ ಚೌಕ ಚೌಕವಾಗಿ ಒಡೆದುಹೋಗಿದೆ. ಹಿಡಿ ಮಣ್ಣು ಹಿಡಿದ ಕೈ ಮಾತ್ರ ಸ್ಪಷ್ಟ ಕಾಣುತ್ತೆ.

ಅಧಿಕಾರಿಗಳಿಗೆ ಫೋನಿನಲ್ಲಿ ತೋರಿಸೋಕೆ ಎಂಪಿ4 ಬೇಕೇ ಬೇಕು, ಎಂಪೆಗ್-2 ಎಷ್ಟೋ ಫೋನುಗಳಲ್ಲಿ ಓಡಲ್ಲ. ಇಡೀ ಡಿವಿಡಿ ಬೇಡ, ಬೇಕಾದ ಆರು ನಿಮಿಷ ಮಾತ್ರ ಆರಿಸಿ, ವೇಗದ ಜಾಗದಲ್ಲಿ "ವೆರಿ ಫಾಸ್ಟ್" ಅಂತ ಕೊಟ್ಟರೆ ಬೇಗ ಮುಗಿಯುತ್ತೆ. ಹೊಸ ಲ್ಯಾಪ್‌ಟಾಪು ಇದ್ದರೆ ಇಂಟೆಲ್ ಕ್ವಿಕ್ ಸಿಂಕ್, ಎನ್‌ವಿಡಿಯಾ ಎನ್‌ವೆಂಕ್ ಅಂತ ಆಯ್ಕೆ ಸಿಗುತ್ತೆ, ಇನ್ನೂ ಬೇಗ. ಮೂಲ ಡಿವಿಡಿ, ಮೊದಲ ನಕಲು ಎರಡನ್ನೂ ಮುಟ್ಟಬೇಡಿ ಅಂತ ವಕೀಲರ ತಾಕೀತು. ಮುಂದೆ ಕೋರ್ಟಿಗೆ ಹೋದರೆ ಹೊಸ ಸಾಕ್ಷ್ಯ ಕಾನೂನಿನ (ಭಾರತೀಯ ಸಾಕ್ಷ್ಯ ಅಧಿನಿಯಮ, 2023) ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೀಬೇಕು. ಅದು ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ. ಫೈಲಿನಲ್ಲಿ ಒಂದು ಚೂರು ಬದಲಾದರೂ ಹ್ಯಾಶ್ ಬದಲಾಗುತ್ತೆ.

ಗುರುವಾರ ಹುಣಸೆಮರದ ಕೆಳಗೇ ನಿಂತು ತೋರಿಸಿದ್ವಿ. ತಂತಿ ಎಳೆದವರು ಮೊದಲು "ಎಲ್ಲಿದೋ ವಿಡಿಯೋ" ಅಂದರು. ಟವಲ್ಲಿನವರು ಕಂಡ ಮೇಲೆ ಏನೂ ಅನ್ನಲಿಲ್ಲ. ಮಹಜರಿನಲ್ಲಿ ವಿಡಿಯೋ ವಿಷಯ ಬರೆಸಿದ್ದೀವಿ. ಸರ್ವೆ ಇನ್ನೂ ಆಗಬೇಕು, ತಂತಿ ಇನ್ನೂ ಹಾಗೇ ಇದೆ.

ಟ್ರಂಕಿನಲ್ಲಿ ಓದೋಕೆ ಆಗದ ಡಿವಿಡಿ ಇನ್ನೂ ಹನ್ನೊಂದು ಇವೆ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಸಮುದಾಯ ಭವನದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರ್ತೀವಿ. ನಿಮ್ಮ ಕೇರಿಯ ಡಿವಿಡಿಗಳಿದ್ದರೆ ತನ್ನಿ. ಅವುಗಳ ಮೇಲೆ ಹೊಸದಾಗಿ ಸ್ಟಿಕ್ಕರ್ ಅಂಟಿಸಬೇಡಿ, ಇರೋದನ್ನ ಕೀಳಬೇಡಿ, ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿ ಇಟ್ಟು ಬಿಡಬೇಡಿ. ಖಾಲಿ ಹಾರ್ಡ್‌ಡಿಸ್ಕ್ ಯಾರ ಹತ್ರಾದರೂ ಇದ್ದರೆ ಅದೂ ಬೇಕು. ಊಟ ಅಕ್ಕನ ಮನೇಲಿ.

ಜೈಭೀಮ್.