ಮುತ್ಯಾ, ನಾ ಒಮ್ಮೆ ಬಾರಸ್ಲಿ?

ಕುಣಿಕೋಣೂರ, ಸಂಖ, ಉಮದಿ, ಗುಡ್ಡಾಪುರ ಎಂದು ಹರಡಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಈ ಸೀಮೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಸಿಗುವುದು ಬೇಸಿಗೆಯಲ್ಲೇ. ದೀಪಾವಳಿ ಮುಗಿಯುತ್ತಲೇ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಕೊಯ್ತಾ ಹಿಡಿದು ಕೃಷ್ಣಾ ದಂಡೆಯ ಕಡೆಗೆ ಕಬ್ಬು ಕಡಿಯಲು ಹೋಗುತ್ತಾರೆ. ಮಕ್ಕಳನ್ನು ಕೆಲವರು ಮುತ್ಯಾ-ಆಯಿಯ ಹತ್ತಿರ ಬಿಡುತ್ತಾರೆ, ಕೆಲವರು ಟ್ರಾಕ್ಟರಿನಲ್ಲಿ ಕೂರಿಸಿಕೊಂಡೇ ಒಯ್ಯುತ್ತಾರೆ. ಹಂಗಾಮು ಮುಗಿದು ಗಾಡಿಗಳು ತಿರುಗಿ ಬರುವ ಹೊತ್ತಿಗೆ ಶಾಲೆಯ ವರ್ಷವೂ ಮುಗಿಯುತ್ತ ಬಂದಿರುತ್ತದೆ. ಆಮೇಲೆ ಜೂನ್ ನಡುವಿನವರೆಗೆ ಸೂಟಿ. ಪಟ್ಟಣದಲ್ಲಿ ಬೇಸಿಗೆ ಶಿಬಿರ ಎಂದರೆ ಹತ್ತರೊಳಗೆ ಹನ್ನೊಂದನೆಯದು. ಈಜು, ಚಿತ್ರಕಲೆ, ಕರಾಟೆ, ಅದರ ಜೊತೆಗೆ ಒಂದಿಷ್ಟು ಸಂಗೀತ. ಇಲ್ಲಿ ಮಾತ್ರ ಸೂಟಿಯ ಆ ದಿನಗಳೇ ಮಕ್ಕಳ ಹಾಜರಿ ಪೂರ್ತಿ ಇರುವ ಕಾಲ. ಸಂಗೀತ ಕಲಿಸಬೇಕೆಂದರೆ ಆಗಲೇ ಕಲಿಸಬೇಕು.

ಮಕ್ಕಳೇನೋ ತಯಾರಾಗೇ ಇದ್ದಾರೆ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ ಕೂತಾಗ ನೋಡಬೇಕು. ಪೇಟಿ, ತಬಲಾ, ದಮ್ಮಡಿ, ತಾಳ ನಡುವೆ ಇರುತ್ತವೆ, ಸುತ್ತ ದೊಡ್ಡವರು, ಅವರ ಬೆನ್ನ ಹಿಂದೆ ಹುಡುಗರು. ಪದ ಮುಗಿದು ಎಲೆ ಅಡಿಕೆಯ ಚೀಲ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಒಂದು ಸಣ್ಣ ಕೈ ತಬಲಾದ ಕಡೆಗೆ ಚಾಚುತ್ತದೆ. ‘ಮುತ್ಯಾ, ನಾ ಒಮ್ಮೆ ಬಾರಸ್ಲಿ?’ ಮುತ್ಯಾ ನಗುತ್ತಾನೆ, ಇಲ್ಲವೇ ಗದರುತ್ತಾನೆ. ‘ಹರದೀತಲೇ, ಹುಷಾರ್!’ ಗದರುವುದರಲ್ಲಿಯೂ ಅರ್ಥವಿದೆ. ತಬಲಾಕ್ಕೆ ಮತ್ತೆ ಚರ್ಮ ಕಟ್ಟಿಸಲು ಪಟ್ಟಣಕ್ಕೆ ಹೋಗಬೇಕು, ಭಜನಾ ಮಂಡಳಿಯ ಹುಂಡಿಯಲ್ಲಿ ಅಷ್ಟು ಹಣ ಇರುವುದಿಲ್ಲ. ಆದರೆ ಆ ಹುಡುಗನ ಕೈ ಮತ್ತೆ ಎಂದು ಆ ಕಡೆ ಚಾಚೀತು ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ.

ಇನ್ನೂ ದೊಡ್ಡ ಅಡ್ಡಿ ಬೇರೆಯೇ ಇದೆ. ನಮ್ಮ ಊರುಗಳಲ್ಲಿ ವಾದ್ಯವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಹುಟ್ಟಿನಿಂದ ಬರುತ್ತದೆ. ಡೊಳ್ಳು ಹಾಲುಮತದವರದು. ಮಾಡಗ್ಯಾಳ ಕುರಿ ಕಾಯುವ ಮನೆಯ ಹುಡುಗನಿಗೆ ನಡಿಗೆಯ ಜೊತೆಗೇ ಡೊಳ್ಳಿನ ಗತ್ತು ಬರುತ್ತದೆ. ಹಲಗೆ ಒಂದು ಓಣಿಯದು, ಶಹನಾಯಿ ಒಂದೆರಡು ಮನೆತನದ್ದು, ಚೌಡಕಿ ಎಲ್ಲಮ್ಮನಿಗೆ ಬಿಟ್ಟವರದು. ಇದರಿಂದ ಕಲೆ ಉಳಿದು ಬಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಲಗೆಯ ಓಣಿಯ ಹುಡುಗಿಗೆ ಕೊಳಲು ಬೇಕೆನ್ನಿಸಿದರೆ? ಗೌಡರ ಮನೆಯ ಹುಡುಗನ ಬೆರಳಿಗೆ ಹಲಗೆಯೇ ಹಿಡಿಸಿದರೆ? ಕೇಳುವುದಕ್ಕೂ ಜಾಗವಿಲ್ಲ. ಬೇಸಿಗೆ ಶಿಬಿರದಿಂದ ನನಗೆ ಬೇಕಾದದ್ದು ಆ ಜಾಗ. ಎಲ್ಲ ವಾದ್ಯಗಳೂ ಒಂದೇ ಜಮಖಾನೆಯ ಮೇಲೆ ಇರಬೇಕು, ಯಾವ ಮಗುವಾದರೂ ಯಾವುದನ್ನಾದರೂ ಮುಟ್ಟಬಹುದು ಅನ್ನಬೇಕು.

ಮುಟ್ಟಿದಾಗ ಏನಾಗುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ. ಪೇಟಿ ತಕ್ಷಣ ಒಲಿಯುತ್ತದೆ. ಎಡಗೈ ಭಾತೆ ಒತ್ತಿದರೆ ಸಾಕು, ಬಲಗೈಯ ಬೆರಳಿನಡಿ ಸ್ವರ ಸಿದ್ಧವಾಗಿ ಬರುತ್ತದೆ. ಹಾಗಾಗಿ ಅಂಜುವ ಮಗುವಿಗೆ ಮೊದಲ ದಿನ ಪೇಟಿ ಒಳ್ಳೆಯದು. ಕೊಳಲು ಇದಕ್ಕೆ ತದ್ವಿರುದ್ಧ. ತುಟಿಯ ಕೋನ ಕೂಡಿ ಬರುವವರೆಗೆ ಬರೀ ಗಾಳಿ. ಹುಡುಗ ಊದಿ ಊದಿ ತಲೆ ತಿರುಗಿ ಕೂಡುತ್ತಾನೆ. ಅದೂ ತಪ್ಪಲ್ಲ, ಆದರೆ ಯಾಕೆ ಹೀಗೆ ಎಂದು ಪಕ್ಕದಲ್ಲಿ ಹೇಳುವವರಿರಬೇಕು. ಇಲ್ಲದಿದ್ದರೆ ತನಗೆ ಸಂಗೀತವೇ ಬರುವುದಿಲ್ಲ ಎಂದು ಅವನು ಆ ಸಂಜೆಯೇ ತೀರ್ಮಾನಿಸಿಬಿಡುತ್ತಾನೆ. ತಬಲಾದಲ್ಲಿ ಬಲಗೈಯ ‘ನಾ’ ಬೇಗ ಬರುತ್ತದೆ. ಡಗ್ಗಾದ ಮೇಲೆ ಅಂಗೈಯ ಬುಡ ಒತ್ತಿ ಸರಿಸುತ್ತ ‘ಘೇ’ ತೆಗೆಯುವುದಕ್ಕೆ ವಾರಗಳು ಬೇಕು. ಚೌಡಕಿಯಲ್ಲಿ ತಂತಿ ಒಂದೇ, ಅದರ ಬಿಗುವನ್ನು ಏರಿಸಿ ಇಳಿಸಿದರೆ ದನಿಯೇ ಬಾಗುತ್ತದೆ. ಅದನ್ನು ಮೊದಲ ಸಲ ತಾನೇ ಮಾಡಿದ ಮಗುವಿನ ಮುಖ ನೋಡುವಂಥದ್ದು. ಹಲಗೆಗೆ ಬೆಂಕಿಯ ಕಾವು ಕೊಟ್ಟರೆ ಚರ್ಮ ಬಿಗಿಯಾಗಿ ದನಿ ಏರುತ್ತದೆ ಎಂಬುದು ಇಲ್ಲಿನ ಮಕ್ಕಳಿಗೆ ಗೊತ್ತೇ ಇದೆ. ಶ್ರುತಿ ಎಂದರೇನು ಎಂಬ ಪಾಠ ಅಲ್ಲಿಂದಲೇ ಶುರುವಾಗಬಹುದು, ಪುಸ್ತಕ ತೆರೆಯುವುದೇ ಬೇಡ.

ತಂಬೂರಿಯನ್ನಂತೂ ಬಿಡಬಾರದು. ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಮಂಕಾಗಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಜವಾರಿ ಕೂಡುವುದು ಎಂದರೆ ಇದೇ. ಕಿವಿಯನ್ನು ಇಷ್ಟು ಚೂಪು ಮಾಡುವ ಆಟ ಮತ್ತೊಂದಿಲ್ಲ, ಮತ್ತು ಅದನ್ನು ಆಡಲು ಹಾಡು ಬರಬೇಕೆಂದೇನೂ ಇಲ್ಲ.

ತಂಬೂರಿ ಹುಟ್ಟುವ ಊರು ನಮ್ಮದೇ ಜಿಲ್ಲೆಯಲ್ಲಿದೆ. ಮೀರಜಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ತಂತಿವಾದ್ಯ ಮಾಡತೊಡಗಿದರು. ಅವರ ಕಸುಬು ಇಡೀ ಓಣಿಯ ಕಸುಬಾಯಿತು. ಬುರುಡೆಗೆ ಬೇಕಾದ ಸೋರೆ ಪಂಢರಪುರ, ಮಂಗಳವೇಢೆಯ ಕಡೆಯಿಂದ ಬರುತ್ತದೆ. 2024ರಲ್ಲಿ ಮೀರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು ಸಿಕ್ಕಿತು. ದೇಶದ ದೊಡ್ಡ ಗಾಯಕರ ಬೆನ್ನ ಹಿಂದೆ ನುಡಿಯುವ ತಂಬೂರಿಗಳು ತಯಾರಾಗುವ ಜಿಲ್ಲೆಯ ಮಗು ಒಂದು ತಂಬೂರಿಯನ್ನೂ ಮೀಟದೆ ದೊಡ್ಡದಾಗುವುದು ನನಗೆ ಸಹಿಸಲಾಗದ ಮಾತು. ಸೂಟಿಯಲ್ಲಿ ಒಂದು ದಿನ ಮಕ್ಕಳನ್ನು ಬಸ್ಸಿನಲ್ಲಿ ಆ ಓಣಿಗೆ ಕರೆದೊಯ್ದು, ಸೋರೆ ಕೊರೆಯುವುದನ್ನೂ ತಂತಿ ಏರಿಸುವುದನ್ನೂ ತೋರಿಸಬೇಕು.

ಅದೇ ಮೀರಜಿನ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿಯಿದೆ. 1937ರಲ್ಲಿ ತೀರಿಕೊಂಡ ಅವರ ನೆನಪಿಗೆ ಅಲ್ಲಿ ಪ್ರತಿವರ್ಷ ಸಂಗೀತ ನಡೆಯುತ್ತದೆ. ಲೋಕ ಅವರನ್ನು ಗಾಯಕರೆಂದು ಬಲ್ಲದು. ಆದರೆ ಅವರು ಸಾರಂಗಿ, ಬೀನ್ ಎರಡನ್ನೂ ಬಲ್ಲವರು. ಆ ಕೊರಳಿನ ಎಳೆತಕ್ಕೂ ಸಾರಂಗಿಯ ಕಮಾನಿಗೂ ನಂಟಿದೆ ಎಂದೇ ನಾನು ನಂಬುತ್ತೇನೆ. ಕನ್ನಡದ ಕಡೆ ನೋಡಿದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಾಡುಗಾರಿಕೆಯ ಜೊತೆಗೆ ಪೇಟಿ, ತಬಲಾ, ಪಿಟೀಲು, ಸಾರಂಗಿ ಹೀಗೆ ಹಲವು ವಾದ್ಯಗಳನ್ನು ಕೈವಶ ಮಾಡಿಕೊಂಡರು. ನೋಡದೆ, ಮುಟ್ಟಿಯೇ ತಿಳಿದ ವಿದ್ಯೆ ಅದು. ಆ ಆಶ್ರಮದಲ್ಲಿ ಜಾತಿ ಕೇಳದೆ ಮಕ್ಕಳ ಕೈಗೆ ವಾದ್ಯ ಬಂತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಈಗಿನ ತರಗತಿಗಳಲ್ಲಿ ಮಗುವಿನ ಹೆಸರು ಬರೆಸುವ ದಿನವೇ ‘ತಬಲಾನೋ, ಪೇಟಿಯೋ?’ ಎಂದು ಕೇಳುತ್ತಾರೆ. ಅಪ್ಪ ಉತ್ತರ ಹೇಳುತ್ತಾನೆ. ಮುಂದೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ ಪರೀಕ್ಷೆ, ಅದಕ್ಕೆ ಒಂದೇ ವಿಷಯ. ಪರೀಕ್ಷೆಯ ಶಿಸ್ತು ನನಗೆ ಬೇಕು. ಅದರ ಮೊದಲು ಒಂದು ಬೇಸಿಗೆಯಾದರೂ ಅಲೆದಾಡಲು ಬಿಡಿ ಎಂದು ಕೇಳುತ್ತಿದ್ದೇನೆ, ಅಷ್ಟೆ. ಮೈಸೂರಿನ ರಂಗಾಯಣ ಚಿಣ್ಣರ ಮೇಳದಲ್ಲಿ ಮಕ್ಕಳನ್ನು ಹೀಗೇ ಹಾಡು, ಕುಣಿತ, ನಾಟಕಗಳ ನಡುವೆ ಬಿಡುತ್ತದೆ. ವಾದ್ಯವಿಲ್ಲ, ಹಣವಿಲ್ಲ ಎನ್ನುವವರಿಗೆ ವೆನೆಜುವೆಲಾದ ಮಾತು ಹೇಳಬೇಕು. 1975ರಲ್ಲಿ ಅಲ್ಲಿ ಹುಟ್ಟಿದ ‘ಎಲ್ ಸಿಸ್ತೆಮಾ’ ಎಂಬ ಮಕ್ಕಳ ಸಂಗೀತ ಚಳವಳಿಯಲ್ಲಿ ಎಳೆಯರು ಮೊದಲು ರಟ್ಟು ಕಾಗದದ ಪಿಟೀಲು ತಾವೇ ಮಾಡಿ, ಹಿಡಿಯುವುದನ್ನೂ ಕಾಪಾಡುವುದನ್ನೂ ಅದರಲ್ಲೇ ಕಲಿಯುತ್ತಾರೆ. ನಿಜವಾದದ್ದು ಕೈಗೆ ಬರುವುದು ಆಮೇಲೆ.

ಕುಣಿಕೋಣೂರಿನಂಥ ಊರಿಗೆ ರಟ್ಟಿನ ಅಗತ್ಯವೂ ಇಲ್ಲ. ಭಜನಾ ಮಂಡಳಿಯ ಪೇಟಿ ತಬಲಾ ಇವೆ, ಡೊಳ್ಳು ಇದೆ, ಹಲಗೆ ಇದೆ, ಚೌಡಕಿ ಹುಡುಕಿದರೆ ಸಿಗುತ್ತದೆ. ಮೀರಜಿನಿಂದ ತರಬೇಕಾದದ್ದು ಒಂದು ತಂಬೂರಿ, ಐದಾರು ಕೊಳಲು, ಮತ್ತು ಕನ್ನಡದಲ್ಲಿ ಮಾತಾಡಬಲ್ಲ ಒಬ್ಬ ಗುರು. ಬಿಸಿಲು ಏರುವ ಮೊದಲೇ, ಬೆಳಗಿನ ಎರಡು ತಾಸು ಸಾಕು. ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಬಿಟ್ಟುಬಿಡಬೇಕು. ಇಲ್ಲದಿದ್ದರೆ ಕೊಡ ಹಿಡಿಯುವ ಹೆಣ್ಣುಮಕ್ಕಳು ಎರಡನೆಯ ದಿನವೇ ತಪ್ಪಿಹೋಗುತ್ತಾರೆ. ಕೊನೆಯ ದಿನ ಸ್ಪರ್ಧೆ ಬೇಡ, ಬಹುಮಾನವೂ ಬೇಡ. ಯಾವ ಮಗು ಮತ್ತೆ ಮತ್ತೆ ಯಾವ ವಾದ್ಯದ ಹತ್ತಿರ ಹೋಗಿ ಕೂತಿತು ಎಂದು ಬರೆದಿಟ್ಟರೆ ಆಯಿತು. ಇನ್ನು ಕಲಿಸುವವರ ವಿಷಯದಲ್ಲಿ ನನ್ನದೊಂದು ಹಟ. ಹಲಗೆ ಬಾರಿಸುವ ಹಿರಿಯನನ್ನೂ ಹೆಸರು ಹಿಡಿದು ‘ಗುರುಗಳೇ’ ಎಂದು ಕರೆಯಬೇಕು, ತಬಲಾ ಗುರುಗಳ ಪಕ್ಕದಲ್ಲೇ ಕೂರಿಸಬೇಕು, ಇಬ್ಬರಿಗೂ ಒಂದೇ ಗೌರವಧನ ಕೊಡಬೇಕು.