ಬಾಯ್ಲರಿನ ಮುಳ್ಳು

ವೈನಿ, ಮೊನ್ನೆ ಅರಿಷಿಣ-ಕುಂಕುಮಕ್ಕ ಬಂದಾಗ ಕೇಳಿದ್ರೆಲ್ಲ, ಮಗಳ ಬಾಣಂತನಕ್ಕ ಇಂಗ್ಲೆಂಡಿಗೆ ಹೋದಾಗ ಬಿಸಿನೀರಿನ ತ್ರಾಸ ಏನಿತ್ತು ಅಂತ. ನಿಂತಲ್ಲೆ ಹೇಳಿ ಮುಗಸೂವಂಥದ್ದಲ್ಲ ಅದು. ನಿಮ್ಮ ಸೊಸಿನೂ ಅಲ್ಲೇ ಇದ್ದಾಳ, ಅಕಿಗೂ ಉಪಯೋಗ ಆದೀತು ಅಂತ ಬರೀಲಿಕ್ಕೆ ಕೂತೀನಿ.

ಜನೇವರಿ ತಿಂಗಳು, ಕೂಸಿಗೆ ಹದಿನೆಂಟು ದಿನ. ಎಣ್ಣಿ ಹಚ್ಚಿ ಕಾಲಮ್ಯಾಲೆ ಮಲಗಿಸ್ಕೊಂಡೀನಿ, ಮಗಳು ನಳ ತಿರುವಿದ್ರ ತಣ್ಣೀರು. ಎಷ್ಟೊತ್ತು ಬಿಟ್ರೂ ಅಷ್ಟ. ಗ್ವಾಡಿಗಿರೋ ರೇಡಿಯೇಟರ್ ಮುಟ್ಟಿದ್ರ ಅವೂ ತಣ್ಣಗ. ಅಡಗಿಮನ್ಯಾಗಿನ ಬಾಯ್ಲರ್ ಬಂದ್ ಬಿದ್ದಿತ್ತು. ಕೆಟಲಿನ್ಯಾಗ ನೀರು ಕಾಸಿ ಕೂಸಿಗೆ ಹೆಂಗೋ ಎರದೆ. ಬಾಣಂತಿ ಸ್ನಾನ ಅವತ್ತು ಆಗ್ಲೇ ಇಲ್ಲ.

ಅಳಿಯಾರು ಸಂಜಿಗೆ ಬಂದು, "ಪ್ರೆಶರ್ ಇಳದದ ಅತ್ಯಾ, ಇದು ಯಾವಾಗ್ಲೂ ಇದ್ದದ್ದ" ಅಂದು ಬಾಯ್ಲರ್ ಕೆಳಗಿನ ಎರಡು ಸಣ್ಣ ವಾಲ್ವ್ ತಿರುವಿದ್ರು. ಸೊರ್ ಅಂತ ನೀರು ಹೋತು, ಮೀಟರಿನ ಮುಳ್ಳು 0.4ರಿಂದ 1.3ಕ್ಕ ಏರಿತು. ವಾಲ್ವ್ ಮುಚ್ಚಿದ್ರು, ಬಾಯ್ಲರ್ ಹತ್ತಿತು. ನಾಕು ದಿನ ಬಿಟ್ಟು ಮತ್ತ ಅದ ಕತಿ.

ನಳದ ನೀರಿನ ಜೋರನ್ನ ಮುಳ್ಳು ತೋರಸ್ತದ ಅಂತ ನಾನು ತಿಳದಿದ್ದೆ. ಹಂಗಲ್ಲಂತ. ಬಾಯ್ಲರಿನಿಂದ ರೇಡಿಯೇಟರಿಗೆ ಹೋಗಿ ಹೊಳ್ಳಿ ಬರೋ ನೀರು ಬ್ಯಾರೆ, ಅದು ಮುಚ್ಚಿದ ಪೈಪಿನ್ಯಾಗ ಅಲ್ಲೇ ಸುತ್ತತಿರ್ತದ. ಸ್ನಾನಕ್ಕ ಬರೋ ನೀರು ಬ್ಯಾರೆ. ಆದ್ರ ಸುತ್ತೋ ನೀರಿನ ಪ್ರೆಶರ್ ಭಾಳ ಇಳದ್ರ ಬಾಯ್ಲರ್ ತಾನ ನಿಂತಬಿಡ್ತದ, ಆಗ ಎರಡೂ ಇಲ್ಲ. ಇದನ್ನ ಕೇಳಿದ್ಮ್ಯಾಲೆ ನನಗ ಒಂದ ಚಿಂತಿ ಹತ್ತಿತು. ಯಾರೂ ಬಳಸಲಾರದ ನೀರು ನಾಕ ದಿನಕ್ಕೊಮ್ಮೆ ಕಡಿಮಿ ಆಗತದ ಅಂದ್ರ ಎಲ್ಲೆ ಹೋಗತದ?

ನಮ್ಮ ಧಾರವಾಡದ ಮನಿ ಬಂಬ ನೆನಪಾತು. ಮ್ಯಾಲಿನ ಮುಚ್ಚಳ ಸಡಲ, ನೀರು ಉಬ್ಬಿದ್ರ ಉಬ್ಬಲಿ, ಉಗಿ ಹೋದ್ರ ಹೋಗಲಿ. ಇಲ್ಲೆ ಎಲ್ಲಾ ಬಿಗಿ.

ನಡುವ ನಾನೂ ಒಂದು ಹಳವಂಡ ಮಾಡಿದೆ. ಅಳಿಯಾರು ಊರಾಗಿರಲಿಲ್ಲ, ಮುಳ್ಳು ಇಳದಿತ್ತು, ನಾನ ವಾಲ್ವ್ ತಿರುವಿದೆ. ಅಷ್ಟರಾಗ ಕೂಸು ಅತ್ತಿತು, ಓಡಿದೆ. ಒಂದು ವಾಲ್ವ್ ಮುಚ್ಚಿದೆ, ಇನ್ನೊಂದು ಮುಚ್ಚೂದು ಮರತೆ. ಮುಚ್ಚಿದ್ದೂ ಪೂರ್ತಿ ಬಿಗಿ ಆಗಿರಲಿಲ್ಲ. ಮುಂಜಾನೆ ನೋಡಿದ್ರ ಮುಳ್ಳು 2.8, ಕೆಂಪು ಗೆರಿ ಹತ್ರ. ಎದಿ ಧಸಕ್ ಅಂತು. ಎರಡೂ ಬಿಗಿ ಮಾಡಿ ರೇಡಿಯೇಟರಿನ ಮ್ಯಾಲಿನ ಸಣ್ಣ ಸ್ಕ್ರೂ ಬಿಚ್ಚಿ ಒಂದು ಬೋಗುಣಿ ನೀರು ತಗದೆ, ಇಳೀತು. ಮಗಳಿಗೆ ಹೇಳಲಿಲ್ಲ. ಬಾಯ್ಲರ್ ನಾನ ಕೆಡಸಿದೆ ಅಂತ ಎರಡು ರಾತ್ರಿ ನಿದ್ದಿ ಬರಲಿಲ್ಲ, ಅಲ್ಲಿ ರಿಪೇರಿ ಖರ್ಚು ಏನು ಕಡಿಮಿ ಅಂತೀರಿ!

ಆ ಹೆದರಿಕಿಗೇ ಕ್ಯಾಲೆಂಡರಿನ ಹಿಂದ ಹಾಲಿನ ಲೆಕ್ಕ ಬರದಂಗ ಬರೀಲಿಕ್ಕೆ ಶುರು ಮಾಡಿದೆ. ಮುಂಜಾನೆ ಬಾಯ್ಲರ್ ಹಚ್ಚೋಕಿಂತ ಮೊದಲು ಒಂದು, ರೇಡಿಯೇಟರ್ ಸುಡೋ ಹೊತ್ತಿಗೆ ಒಂದು. ತಣ್ಣಗ 1.2, ಕಾದಾಗ 2.9. ಮರುದಿನ ತಣ್ಣಗ 1.0, ಕಾದಾಗ ಮತ್ತ 2.8. ಹಿತ್ತಲಿಗೆ ಹೋಗಿ ನೋಡಿದ್ರ ಗ್ವಾಡಿಯಿಂದ ಹೊರಗ ಬಂದ ತಾಮ್ರದ ಸಣ್ಣ ಪೈಪಿನ ತುದಿಗೆ ಹನಿ. ಕೆಳಗ ನೆಲದಮ್ಯಾಲೆ ಬರ್ಫ ಕಟ್ಟಿತ್ತು.

ರಿಪೇರಿಯಾಂವ ಬಂದ. ಅಲ್ಲೆ ಗ್ಯಾಸ್ ಬಾಯ್ಲರ್ ಬಿಚ್ಚಲಿಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಕಾರ್ಡ್ ಇರಬೇಕು, ಅದನ್ನ ನೋಡೇ ಒಳಗ ಬಿಟ್ವಿ. ನನ್ನ ಕ್ಯಾಲೆಂಡರ್ ನೋಡಿ ನಕ್ಕ, ಆಮ್ಯಾಲೆ ಸೀದಾ ಒಂದು ಕಡೆ ಕೈ ಹಾಕಿದ. ಬಾಯ್ಲರಿನೊಳಗ ಒಂದು ಚಪ್ಪಟಿ ಡಬ್ಬಿ ಇರ್ತದ, ನಡುವ ರಬ್ಬರ್ ಪಡದೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. 100 ಲೀಟರ್ ನೀರು 10 ಡಿಗ್ರಿಯಿಂದ 70ಕ್ಕ ಕಾದ್ರ ಎರಡು ಲೀಟರಿನ ಮ್ಯಾಲೇ ಉಬ್ಬತದ. ಆ ಉಬ್ಬಿದ್ದು ಗಾಳಿನ್ನ ಒತ್ತಿ ಜಾಗಾ ಮಾಡ್ಕೋತದ. ಡಬ್ಬಿನ್ಯಾಗ ಗಾಳಿ ಇಲ್ಲಂದ್ರ ಜಾಗಾ ಎಲ್ಲೆ? ಪ್ರೆಶರ್ 3ಕ್ಕ ಮುಟ್ಟಿದ ಕೂಡ್ಲೆ ಸೇಫ್ಟಿ ವಾಲ್ವ್ ತಗದು, ಹಿತ್ತಲ ಪೈಪಿನಿಂದ ನೀರು ಹೊರಗ. ಆರಿದ್ಮ್ಯಾಲೆ ಅಷ್ಟ ಕಡಿಮಿ. ಕುಕ್ಕರ್ ಸೀಟಿ ಹೊಡದಂಗ, ಆದ್ರ ಸಪ್ಪಳಿಲ್ಲ.

ನೀರು ತಗದು, ಸೈಕಲ್ ಟ್ಯೂಬಿಗೆ ಹಾಕಿದಂಗ ಡಬ್ಬಿಗೆ ಪಂಪಿನಿಂದ ಗಾಳಿ ತುಂಬಿದ. ಗಾಳಿ ತುಂಬೋ ಬಾಯಿಂದ ನೀರು ಬಂದಿದ್ರ ರಬ್ಬರ್ ಹರದದ ಅಂತ, ಡಬ್ಬೀನ ಬದಲಿಸಬೇಕಾಗ್ತಿತ್ತು. ನಮ್ಮ ದೈವ, ಬರೇ ಗಾಳಿ ಹೋಗಿತ್ತು. ಘಳಿಗಿಗೊಮ್ಮೆ ತಗದು ಸೇಫ್ಟಿ ವಾಲ್ವಿನ್ಯಾಗ ಕಸ ಕೂತು ಹನೀತಿತ್ತು, ಅದನ್ನ ಬದಲಿ ಮಾಡಿದ.

ಆವಾಗ ನಾನು ವಾಲ್ವ್ ಮರತಿದ್ದು ಬಾಯಿಬಿಟ್ಟೆ. ಅಳಿಯಾರು, "ಅತ್ಯಾ, ಎಂಟು ತಿಂಗಳಿಂದ ನಾನೂ ಬರೇ ನೀರ ತುಂಬೀನಿ, ಒಮ್ಮೆನೂ ಹಿತ್ತಲಕ್ಕ ಹೋಗಿ ನೋಡಿಲ್ಲ" ಅಂದ್ರು.

ನಿಮ್ಮ ಸೊಸಿಗೆ ಹೇಳ್ರಿ, ತಣ್ಣಗಿದ್ದಾಗ 1ರಿಂದ 1.5ರ ನಡುವ ಇರಬೇಕು, ಕಾದಾಗ ಸ್ವಲ್ಪ ಏರಬೇಕು, ಹಿಂಗ ಹಾರಬಾರದು. ಮುಳ್ಳು ಹಾರಲಾರದ ಬರೇ ಇಳೀಲಿಕ್ಕೆ ಹತ್ತಿದ್ರ ರೇಡಿಯೇಟರಿನ ಬುಡಕ್ಕ ಜಂಗು, ಹಸಿ ಕಲಿ ಅದಾವೇನು ನೋಡು ಅನ್ರಿ.

ನಿನ್ನೆ ಮಗಳು ವಿಡಿಯೋ ಕಾಲ್ ಹಚ್ಚಿ, ಕೂಸಿನ ಮಾರಿಗಿಂತ ಮೊದಲು ಮುಳ್ಳು ತೋರಿಸಿದ್ಲು. 1.3 ಇತ್ತು.