ಇನ್ನೊಂದು ಚೊಂಬು ನೀರು

ಅಭ್ಯಂಜನವೆಂದರೆ ನಮ್ಮ ಕಡೆಯವರಿಗೆ ಬರಿಯ ಸ್ನಾನವಲ್ಲ, ಹಬ್ಬದ ಅರ್ಧಭಾಗ. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ ನೀರು ತುಂಬಿದರೆ, ಮರುದಿನ ಬೆಳಗಿನ ಜಾವಕ್ಕೆ ಅದು ಹಬೆಯಾಡುತ್ತಿರಬೇಕು. ಕೆಲವು ವರ್ಷಗಳ ಹಿಂದೆ ಅಂತಹದೊಂದು ನರಕಚತುರ್ದಶಿಯಂದು ನಾನು ತಿರುಮಕೂಡಲು ನರಸೀಪುರದ ಅಕ್ಕನ ಮನೆಯಲ್ಲಿದ್ದೆ. ಅವಳ ಹತ್ತು ವರ್ಷದ ಮಗನಿಗೆ ನೀರೆರೆಯುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂದಿತ್ತು.

ಏಳೆಂಟು ಚೊಂಬು ಹೊಯ್ದ ಮೇಲೆ, “ಸಾಕೇನೋ?” ಎಂದೆ. “ಇನ್ನೊಂದು ಚೊಂಬು ಮಾವ, ಇನ್ನೊಂದು” ಎಂದ. ಕೊನೆಗೆ ಚೊಂಬನ್ನೇ ಕಿತ್ತುಕೊಂಡು ತಾನೇ ಸುರಿದುಕೊಳ್ಳತೊಡಗಿದ. ಹಟವೆಂದು ಬೆನ್ನಿಗೊಂದು ಏಟು ಕೊಟ್ಟೆ. ಅವನು ತಿರುಗಿಯೂ ನೋಡಲಿಲ್ಲ. ಕಣ್ಣು ನೆಟ್ಟವು, ಮೈ ಸೆಟೆಯಿತು, ಬಚ್ಚಲ ಕಲ್ಲಿನ ಮೇಲೆ ಉರುಳಿದ. ಯಾರೋ ಬೀಗದಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದರು. ಎರಡು ನಿಮಿಷದಲ್ಲಿ ಸೆಳವು ನಿಂತಿತು. ಹುಡುಗ ಮಧ್ಯಾಹ್ನದವರೆಗೆ ನಿದ್ರಿಸಿದ. ನನ್ನ ಏಟಿನಿಂದಲೇ ಹೀಗಾಯಿತೆಂಬ ಅಳುಕು ನನ್ನನ್ನು ಬಿಡಲಿಲ್ಲ.

ಅಕ್ಕ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ನಂಜನಗೂಡಿನಲ್ಲಿ ಹುಡುಗ ಕಪಿಲೆಯ ತಣ್ಣೀರಿನಲ್ಲಿ ಮೂರು ಬಾರಿ ಮುಳುಗಿ ಎದ್ದ, ಏನೂ ಆಗಲಿಲ್ಲ. ಮೈಸೂರಿನ ವೈದ್ಯರೊಬ್ಬರು ಈ ಎರಡು ಸ್ನಾನಗಳ ಕಥೆಯನ್ನು ಕೇಳಿ, “ಅರ್ಧ ಪರೀಕ್ಷೆಯನ್ನು ನೀವೇ ಮುಗಿಸಿದ್ದೀರಿ” ಎಂದು ನಕ್ಕರು. ಅದು ಬಿಸಿನೀರಿನ ಮೂರ್ಛೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ವರದಿ ಬಂದಿತ್ತು. 1968ರಲ್ಲಿ ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಮ್ಮ ನಾಡಿನ ರೋಗಿಗಳ ವಿಷಯ ಬರೆದರು, 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತಿತರರು 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಿಸಿನೀರನ್ನು ಒಂದೇಸಮನೆ ತಲೆಗೆ ಸುರಿಯುವುದೇ ಇದನ್ನು ಕೆರಳಿಸುತ್ತದೆ. ಕೆಲವರಿಗೆ ಆ ಗಳಿಗೆಯಲ್ಲಿ ವಿಚಿತ್ರ ಸುಖವೊಂದು ತೋರಿ, ಸುರಿದುಕೊಳ್ಳುವ ಕೈಯನ್ನು ತಡೆಯಲಾಗದಂತೆ. ಹಾಗಾದರೆ ನಾನು ಹಟವೆಂದು ಹೊಡೆದದ್ದು ರೋಗವನ್ನು!

ಆ ದೀರ್ಘನಿದ್ರೆಯ ವಿಚಾರ ಓದುತ್ತ ಹೋದಾಗ ಇನ್ನೊಂದು ಸೋಜಿಗ ತಿಳಿಯಿತು. ನಮ್ಮ ಮಿದುಳು ತನ್ನದೇ ಅಫೀಮನ್ನು ತಯಾರಿಸಿಕೊಳ್ಳುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಎನ್ಕೆಫಲಿನ್ ಅಂತಹ ದ್ರವ್ಯ. ಸೆಳವಿನ ವೇಳೆ ಇಂತಹವು ಸ್ರವಿಸಿ, ಕೆರಳಿದ ನರಕೋಶಗಳನ್ನು ತಣಿಸುತ್ತವೆಂದೂ, ಅನಂತರದ ಮಂಪರಿಗೂ ಇವೇ ಕಾರಣವಿರಬಹುದೆಂದೂ ವಿಜ್ಞಾನಿಗಳ ಅಭಿಪ್ರಾಯ. ಮೂರ್ಛೆ ಕಳೆದ ಕೆಲವು ಗಂಟೆಗಳಲ್ಲಿ ಈ ವ್ಯವಸ್ಥೆ ಬದಲಾಗಿರುವುದನ್ನು 2007ರಲ್ಲಿ ಪ್ರಕಟವಾದ ಮಿದುಳಿನ ಚಿತ್ರಗಳು ತೋರಿಸಿದವು. ಆದರೆ ಎನ್ಕೆಫಲಿನ್ನನ್ನು ಇಲಿಗಳ ಮಿದುಳಿಗೆ ಚುಚ್ಚಿದಾಗ ಸೆಳವಿನ ಅಲೆಗಳೇ ಎದ್ದುದೂ ಉಂಟು. ಅಳತೆ, ಸ್ಥಳಗಳು ಬದಲಾದರೆ ಮದ್ದೇ ನಂಜು. ನಂಜನ್ನುಂಡವನ ಊರಿನಲ್ಲಿರುವ ನನಗೆ ಈ ಮಾತು ಹೊಸದೆನಿಸಲಿಲ್ಲ.

ಅಂದು ಸೆಳವನ್ನು ನಿಲ್ಲಿಸಿದ್ದು ಬೀಗದಕೈಯಲ್ಲ. ಹುಡುಗನನ್ನು ಪಕ್ಕಕ್ಕೆ ಹೊರಳಿಸಿ ಕಾಯ್ದಿದ್ದರೆ ಸಾಕಾಗಿತ್ತು. ಈಗ ಅವನಿಗೆ ಉಗುರುಬೆಚ್ಚಗಿನ ನೀರು, ವೈದ್ಯರು ಬರೆದುಕೊಟ್ಟ ಮಾತ್ರೆ. ಮೂರ್ಛೆ ಮತ್ತೆ ಬಂದಿಲ್ಲ. ಎಲ್ಲವೂ ನಂಜುಂಡನ ಕೃಪೆಯೆಂದು ಅಕ್ಕ ಹೇಳುತ್ತಾಳೆ. ನಾನು ವಾದಿಸುವುದಿಲ್ಲ, ರೋಗದ ಗುಟ್ಟು ಬಯಲಾದದ್ದು ಅವನ ಹೊಳೆಯಲ್ಲಿಯೇ ಅಲ್ಲವೆ? ಕಳೆದ ದೀಪಾವಳಿಯಂದು ಹುಡುಗ ಮತ್ತೆ, “ಇನ್ನೊಂದು ಚೊಂಬು ಮಾವ” ಎಂದ. ನೀರಿಗೆ ಮೊದಲು ನನ್ನ ಕೈಯದ್ದಿ ನೋಡಿ, ಆಮೇಲೆ ಹೊಯ್ದೆ.